ನಾಪತ್ತೆ ಮಾಡಿದವರ ಎದುರು ಕಲೆ, ತತ್ವಶಾಸ್ತ್ರ ಏನು ಮಾಡಕ್ಕಾಗುತ್ತೆ?

ಪ್ರಶ್ನೆ: ಸರ್, ಅರ್ಜೆಂಟೀನಾ, ಚಿಲಿ, ಕೊಲಂಬಿಯಾ ಕಡೆ ಸರ್ಕಾರಗಳೇ ಜನರನ್ನ ನಾಪತ್ತೆ ಮಾಡಿದ್ದರ ಬಗ್ಗೆ ಓದ್ತಾ ಇದೀನಿ. ಎಲ್ಲಿ ನೋಡಿದ್ರೂ ಕಲಾಕೃತಿ, ಫೋಟೋ ಪ್ರದರ್ಶನ, ಸ್ಮಾರಕ, ಜೊತೆಗೆ ಹನ್ನಾ ಅರೆಂಟ್, ಜುಡಿತ್ ಬಟ್ಲರ್ ಅಂತ ಫಿಲಾಸಫಿ. ಬಂದೂಕು ಹಿಡ್ಕೊಂಡು ಮನೆಗೆ ನುಗ್ಗೋರ ಎದುರು ಇವೆಲ್ಲ ಏನು ಮಾಡಕ್ಕಾಗುತ್ತೆ? ಬೇರೆಯವರ ಸಂಕಟನ ಗ್ಯಾಲರಿ ಗೋಡೆಗೆ ನೇತುಹಾಕಿ ನೋಡೋದು ಸರಿನಾ? ಆ ತಾಯಂದಿರು ಎಷ್ಟೋ ವರ್ಷ ಆದ್ಮೇಲೂ "ಜೀವಂತ ವಾಪಸ್ ಕೊಡಿ" ಅಂತಾನೇ ಕೇಳ್ತಿದ್ರಲ್ಲ, ಅದು ವಾಸ್ತವ ಒಪ್ಕೊಳ್ಳದೆ ಇರೋದಲ್ವಾ?

ಉತ್ತರ: ನಿಮ್ಮ ಮೂರು ಪ್ರಶ್ನೆಗಳೂ ಒಂದಕ್ಕೊಂದು ಹೆಣೆದುಕೊಂಡಿವೆ, ಬಿಡಿಬಿಡಿಯಾಗಿ ಉತ್ತರ ಕೊಟ್ರೆ ಮುಖ್ಯವಾದದ್ದೇ ಜಾರಿಹೋಗುತ್ತೆ. ಮೊದಲು ಈ ಅಪರಾಧ ಹೇಗೆ ನಡೆಯುತ್ತೆ ಅಂತ ನೋಡೋಣ, ಯಾಕಂದ್ರೆ ಕಲೆ ಏನು ಮಾಡಕ್ಕಾಗುತ್ತೆ ಅನ್ನೋದು ಅದರಲ್ಲೇ ಇದೆ.

ರಾಜಕೀಯ ಕೊಲೆಯಲ್ಲಿ ಒಂದು ಹೆಣ ಇರುತ್ತೆ, ಒಂದು ದಿನಾಂಕ ಇರುತ್ತೆ, ಕಣ್ಣೀರಿಟ್ಟು ಮಣ್ಣು ಮಾಡೋಕೆ ಒಂದು ಜಾಗ ಇರುತ್ತೆ. ನಾಪತ್ತೆ ಮಾಡೋದ್ರಲ್ಲಿ ಇದ್ಯಾವುದೂ ಇಲ್ಲ. ಪೊಲೀಸೋ ಸೈನ್ಯವೋ ಅಥವಾ ಅವರ ಕೃಪೆಯಲ್ಲಿರೋ ಯಾರೋ ಬಂದು ಒಬ್ಬರನ್ನ ಎತ್ತಿಕೊಂಡು ಹೋಗ್ತಾರೆ, ಮನೆಯವರು ಹೋಗಿ ಕೇಳಿದ್ರೆ "ನಮ್ಮ ಹತ್ರ ಅಂಥವರು ಯಾರೂ ಇಲ್ಲ" ಅಂತಾರೆ. ಎತ್ತಿಕೊಂಡು ಹೋಗೋದು, ಆಮೇಲೆ ನಮಗೇನೂ ಗೊತ್ತಿಲ್ಲ ಅನ್ನೋದು, ಈ ಎರಡೂ ಸೇರಿದ್ರೇನೇ ಈ ಅಪರಾಧ, 2006ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಅಂತರರಾಷ್ಟ್ರೀಯ ಒಪ್ಪಂದದ ವ್ಯಾಖ್ಯೆಯೂ ಹೆಚ್ಚುಕಮ್ಮಿ ಇದೇನೇ. ಇದು ಲ್ಯಾಟಿನ್ ಅಮೆರಿಕದಲ್ಲೇ ಹುಟ್ಟಿದ್ದೂ ಅಲ್ಲ. 1941ರ ಡಿಸೆಂಬರ್‌ನಲ್ಲಿ ಹಿಟ್ಲರನ "ರಾತ್ರಿ ಮತ್ತು ಮಂಜು" ಅನ್ನೋ ಆದೇಶ ಹೊರಟಿತ್ತು: ಆಕ್ರಮಿತ ದೇಶಗಳಲ್ಲಿ ಎದುರು ನಿಂತವರನ್ನ ಸುಳಿವೇ ಸಿಗದ ಹಾಗೆ ಜರ್ಮನಿಗೆ ಸಾಗಿಸೋದು, ಮನೆಯವರಿಗೆ ಏನೂ ಹೇಳದೆ ಇರೋದು. ಗಲ್ಲಿಗೆ ಹಾಕಿದ್ರೆ ಹುತಾತ್ಮ ಆಗ್ತಾನೆ, ಏನಾದ ಅಂತ ಗೊತ್ತಾಗದೆ ಹೋದ್ರೆ ಊರೇ ಹೆದರುತ್ತೆ ಅನ್ನೋ ಲೆಕ್ಕಾಚಾರ ಅದು.

ಅರ್ಜೆಂಟೀನಾದಲ್ಲಿ 1976ರ ಮಾರ್ಚ್ 24ಕ್ಕೆ ಸೈನ್ಯ ಅಧಿಕಾರ ಹಿಡೀತು, 1983ರ ಕೊನೆವರೆಗೂ ಬಿಡ್ಲಿಲ್ಲ. ಆಮೇಲೆ ಬಂದ ಸರ್ಕಾರದ ಆಯೋಗ 1984ರಲ್ಲಿ 8,961 ಜನ ನಾಪತ್ತೆಯಾದವರ ಪಟ್ಟಿ ಕೊಟ್ಟು, ಇದು ಪೂರ್ತಿ ಪಟ್ಟಿ ಅಲ್ಲ ಅಂತಾನೂ ಹೇಳ್ತು. ಮಾನವ ಹಕ್ಕು ಸಂಘಟನೆಗಳು ಹೇಳೋದು 30,000. 1979ರ ಡಿಸೆಂಬರ್‌ನಲ್ಲಿ ಪತ್ರಕರ್ತರೊಬ್ಬರು ಕೇಳಿದಾಗ ಸರ್ವಾಧಿಕಾರಿ ವಿಡೇಲಾ ಕ್ಯಾಮೆರಾ ಮುಂದೆನೇ ಕೊಟ್ಟ ಉತ್ತರದ ಸಾರ ಇದು: ನಾಪತ್ತೆಯಾದವನಿಗೆ ಅಸ್ತಿತ್ವ ಇಲ್ಲ, ಅವನು ಸತ್ತೂ ಇಲ್ಲ, ಬದುಕಿಯೂ ಇಲ್ಲ, ನಾಪತ್ತೆ ಆಗಿದಾನೆ ಅಷ್ಟೆ. ಈ ಮಾತನ್ನ ಎಷ್ಟು ಸಲ ಓದಿದ್ರೂ ಮೈ ಉರಿಯುತ್ತೆ ನನಗೆ. ಯಾಕಂದ್ರೆ ಅದು ಬರೀ ಸುಳ್ಳಲ್ಲ, ಇದ್ದ ಮನುಷ್ಯನನ್ನ ಇರಲೇ ಇಲ್ಲ ಅಂತ ಮಾಡೋ ಅಧಿಕಾರ ತನಗಿದೆ ಅಂತ ಒಂದು ಪ್ರಭುತ್ವ ಎದೆ ತಟ್ಟಿ ಹೇಳ್ತಿರೋದು.

ಇನ್ನೊಂದು ವಿಷಯ, ಇದನ್ನ ಜನ ಅಷ್ಟಾಗಿ ಗಮನಿಸಲ್ಲ. ಈ ಅಪರಾಧಕ್ಕೆ ಎತ್ತಿಕೊಂಡು ಹೋಗೋರು, ಹೋದೋರು ಇಬ್ಬರೇ ಸಾಲದು, ನೋಡಿಯೂ ನೋಡದೇ ಇರೋ ಮೂರನೆಯವರು ಬೇಕೇ ಬೇಕು. ಅರ್ಜೆಂಟೀನಾದ ರಾಜಧಾನಿ ಬ್ಯೂನಸ್ ಐರಿಸ್‌ನಲ್ಲಿ ನಂಬರ್ ಪ್ಲೇಟ್ ಇಲ್ಲದ ಫೋರ್ಡ್ ಫಾಲ್ಕನ್ ಕಾರುಗಳು ಹಾಡಹಗಲೇ ಬಂದು ಜನರನ್ನ ತುಂಬಿಕೊಂಡು ಹೋಗ್ತಿದ್ವು, ಬೀದಿಯಲ್ಲಿ ಜನ ಇರ್ತಿದ್ರು, ಪಕ್ಕದ ಮನೆಯವರು ಕಿಟಕಿ ಸಂದಿಯಿಂದ ನೋಡ್ತಿದ್ರು, ನೋಡಿ ಪರದೆ ಎಳ್ಕೊಂಡು "ಏನೋ ಮಾಡಿರಬೇಕು ಬಿಡಿ, ಸುಮ್ಸುಮ್ನೆ ಯಾಕೆ ಕರ್ಕೊಂಡು ಹೋಗ್ತಾರೆ" ಅಂತಿದ್ರು, ಆ ಕಾಲದಲ್ಲಿ ಇದು ಊರವರ ಬಾಯಲ್ಲೆಲ್ಲ ಓಡಾಡ್ತಿದ್ದ ಮಾತು. ಎಲ್ಲರಿಗೂ ಪೂರ್ತಿ ಗೊತ್ತಾದ್ರೆ ಜನ ದಂಗೆ ಏಳಬಹುದು, ಯಾರಿಗೂ ಗೊತ್ತೇ ಆಗದಿದ್ರೆ ಯಾರೂ ಹೆದರಲ್ಲ. ಅರ್ಧಂಬರ್ಧ ಗೊತ್ತಿರಬೇಕು, ಆ ಗೊತ್ತಿರೋದನ್ನ ಬಾಯಿಬಿಟ್ಟು ಆಡಬಾರದು. ಭಯ ಬೆಳೆಯೋದು ಆ ಅರ್ಧದಲ್ಲೇ.

ಎತ್ತಿಕೊಂಡು ಹೋದವರನ್ನ ಹಿಡಿಯೋದು ನ್ಯಾಯಾಲಯದ ಕೆಲಸ, ಹೋದವರನ್ನ ಹುಡುಕೋದು ಮೂಳೆ ಮತ್ತು ಡಿಎನ್ಎ ತಜ್ಞರ ಕೆಲಸ. ಕಲೆಗೆ ಉಳಿಯೋದು ಈ ಮೂರನೆಯವರು, ಪರದೆ ಎಳ್ಕೊಂಡವರು. ನನ್ನ ಅಭಿಪ್ರಾಯದಲ್ಲಿ ಈ ವಿಷಯದಲ್ಲಿ ಗಟ್ಟಿಯಾಗಿ ನಿಂತಿರೋ ಕೃತಿಗಳೆಲ್ಲ ಕೆಲಸ ಮಾಡಿರೋದು ಅವರ ಮೇಲೆ, ಅವರ ಮೂಲಕ ನಮ್ಮ ಮೇಲೆ.

ತತ್ವಶಾಸ್ತ್ರದಿಂದ ಶುರು ಮಾಡ್ತೀನಿ, ಅದು ಈ ವಿಷಯಕ್ಕೆ ಸಿದ್ಧ ಉತ್ತರ ಇಟ್ಕೊಂಡು ಬರ್ಲಿಲ್ಲ, ಎಡವುತ್ತಾ ಎಡವುತ್ತಾ ಬಂತು. ಅರೆಂಟ್ 1951ರಲ್ಲಿ ನಿರಂಕುಶ ಪ್ರಭುತ್ವಗಳ ಬಗ್ಗೆ ಬರೆದ ಪುಸ್ತಕದಲ್ಲಿ ನಾತ್ಸಿ ಕ್ಯಾಂಪುಗಳು ಸಾವನ್ನೇ ಹೆಸರಿಲ್ಲದ್ದಾಗಿ ಮಾಡಿದ್ವು ಅಂತ ಹೇಳ್ತಾರೆ. ಒಬ್ಬ ಕೈದಿ ಸತ್ತನೋ ಬದುಕಿದಾನೋ ಅಂತಲೇ ತಿಳಿಯದ ಹಾಗೆ ಆದಾಗ ಅವನ ಸಾವೂ ಅವನದಾಗಿ ಉಳಿಯಲ್ಲ, ಅವನು ಹುಟ್ಟೇ ಇರಲಿಲ್ಲ ಅನ್ನೋದಕ್ಕೆ ಮುದ್ರೆ ಒತ್ತಿದ ಹಾಗಾಗುತ್ತೆ ಅಂತ. ಅಲ್ಲಿ ಅವರು ವಿಸ್ಮೃತಿಯ ಗುಂಡಿಗಳು ಅಂತ ಒಂದು ಮಾತು ಬಳಸ್ತಾರೆ, ಬಿದ್ದವರು ಸುಳಿವಿಲ್ಲದೆ ಅಳಿಸಿಹೋಗೋ ಗುಂಡಿಗಳು. ಆದರೆ 1963ರಲ್ಲಿ ನಾತ್ಸಿ ಅಧಿಕಾರಿ ಐಖ್‌ಮನ್‌ನ ವಿಚಾರಣೆ ಬಗ್ಗೆ ಬರೆಯುವಾಗ ಅವರೇ ಆ ಮಾತನ್ನ ತಿದ್ದಿಕೊಳ್ತಾರೆ: ಅಂಥ ಗುಂಡಿಗಳು ಇಲ್ಲ, ಮನುಷ್ಯರು ಮಾಡೋ ಯಾವ ಕೆಲಸವೂ ಅಷ್ಟು ಪರಿಪೂರ್ಣ ಆಗಿರಲ್ಲ, ಕಥೆ ಹೇಳಕ್ಕೆ ಯಾರಾದ್ರೂ ಒಬ್ಬರು ಉಳಿದೇ ಉಳೀತಾರೆ. ಮೊದಲ ಮಾತು ಪ್ರಭುತ್ವದ ಆಸೆ ಏನು ಅಂತ ಹೇಳುತ್ತೆ, ಎರಡನೇದು ಆ ಆಸೆ ಯಾಕೆ ಕೈಗೂಡಲ್ಲ ಅಂತ ಹೇಳುತ್ತೆ, ನನಗೆ ಎರಡೂ ನಿಜ ಅನ್ಸುತ್ತೆ.

ಗ್ರೀಕರ ಆಂಟಿಗನಿ ನಾಟಕವನ್ನ ಈ ಸಂದರ್ಭದಲ್ಲಿ ತುಂಬ ಜನ ನೆನೀತಾರೆ. ದೇಶದ್ರೋಹಿಯ ಹೆಣಕ್ಕೆ ಮಣ್ಣು ಹಾಕಬಾರದು ಅಂತ ದೊರೆ ಕ್ರಿಯಾನ್ ಆಜ್ಞೆ ಮಾಡ್ತಾನೆ, ತಂಗಿ ಹೋಗಿ ಅಣ್ಣನ ಹೆಣದ ಮೇಲೆ ಮಣ್ಣು ಹಾಕ್ತಾಳೆ. ಹೋಲಿಕೆ ಚೆನ್ನಾಗಿದೆ, ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ಕ್ರಿಯಾನ್ ತನ್ನ ಆಜ್ಞೆನ ಡಂಗುರ ಸಾರ್ತಾನೆ, ಹೆಣ ಎಲ್ಲರ ಕಣ್ಣೆದುರಿಗೇ ಬಿದ್ದಿರುತ್ತೆ. ವಿಡೇಲಾನ ಆಡಳಿತದಲ್ಲಿ ಆಜ್ಞೆಯೂ ಇಲ್ಲ, ಹೆಣವೂ ಇಲ್ಲ, ಮುಷ್ಟಿಯಲ್ಲಿ ಮಣ್ಣು ಹಿಡ್ಕೊಂಡ ತಂಗಿ ಎಲ್ಲಿಗೆ ಹೋಗಬೇಕು? ಫ್ರಾಯ್ಡ್ 1917ರಲ್ಲಿ ಶೋಕದ ಬಗ್ಗೆ ಬರೆದದ್ದು ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ. ಪ್ರೀತಿಸಿದವರು ಇನ್ನಿಲ್ಲ ಅನ್ನೋದನ್ನ ವಾಸ್ತವ ಮತ್ತೆ ಮತ್ತೆ ತೋರಿಸ್ತಾ ಹೋಗುತ್ತೆ, ಮನಸ್ಸು ನಿಧಾನಕ್ಕೆ ಬಿಡಿಸಿಕೊಳ್ಳುತ್ತೆ ಅಂತ ಅವರು ಹೇಳೋದು, ಆದರೆ ಇಲ್ಲಿ ವಾಸ್ತವ ಏನನ್ನೂ ತೋರಿಸ್ತಾ ಇಲ್ಲವಲ್ಲ, ಕಚೇರಿಯಿಂದ ಕಚೇರಿಗೆ ಅಲೆಸ್ತಾ ಇದೆ. ಇನ್ನು ಬಟ್ಲರ್ 2004ರಿಂದೀಚೆಗೆ ಕೇಳ್ತಾ ಬಂದಿರೋದು, ಯಾರ ಸಾವಿಗೆ ಸಮಾಜ ಅಳುತ್ತೆ, ಯಾರ ಸಾವಿಗೆ ಅಳಲ್ಲ ಅಂತ. ಅಳಕ್ಕೆ ಯೋಗ್ಯ ಅಂತ ಮೊದಲೇ ಅನ್ನಿಸದವರ ಬದುಕು ಕಳೆದುಹೋದ್ರೂ ಕಳೆದುಹೋದ ಹಾಗೇ ಕಾಣಲ್ಲ. "ಏನೋ ಮಾಡಿರಬೇಕು ಬಿಡಿ" ಅನ್ನೋ ಆ ಮಾತು ಕೆಲಸ ಮಾಡೋದು ಹೀಗೇನೆ, ಒಬ್ಬರನ್ನ ಎತ್ತಿಕೊಂಡು ಹೋಗೋ ಮೊದಲೇ ಅವರಿಗಾಗಿ ಅಳೋ ಹಕ್ಕನ್ನ ಕಿತ್ಕೊಂಡಿರುತ್ತೆ.

ಈಗ ಕಲೆ ವಿಷಯಕ್ಕೆ ಬರೋಣ. 1977ರ ಏಪ್ರಿಲ್ 30ರಂದು 14 ಜನ ತಾಯಂದಿರು ಬ್ಯೂನಸ್ ಐರಿಸ್‌ನ ಪ್ಲಾಸಾ ದೆ ಮಾಯೋ ಚೌಕದಲ್ಲಿ, ಅಧ್ಯಕ್ಷರ ಕಚೇರಿ ಎದುರಿಗೇ ಸೇರಿದ್ರು. ಗುಂಪು ಸೇರಿ ನಿಲ್ಲೋದು ಕಾನೂನಿಗೆ ವಿರುದ್ಧ, ನಡೀರಿ ನಡೀರಿ ಅಂತ ಪೊಲೀಸರು ಗದರಿಸಿದ್ರು, ಸರಿ ಅಂತ ಅವರು ಇಬ್ಬಿಬ್ಬರಾಗಿ ತೋಳು ಹಿಡ್ಕೊಂಡು ಚೌಕದ ಮಧ್ಯದ ಸ್ತಂಭದ ಸುತ್ತ ನಡೆಯಕ್ಕೆ ಶುರು ಮಾಡಿದ್ರು. ಮುಂದೆ ಪ್ರತಿ ಗುರುವಾರ ಮಧ್ಯಾಹ್ನ ಮೂರೂವರೆಗೆ ಅದೇ ಸುತ್ತು. ಜನಜಂಗುಳಿಯಲ್ಲಿ ಒಬ್ಬರನ್ನೊಬ್ಬರು ಗುರುತು ಹಿಡಿಯಕ್ಕೆ ಮಕ್ಕಳ ಲಂಗೋಟಿಯ ಬಿಳಿ ಬಟ್ಟೆನ ತಲೆಗೆ ಕಟ್ಕೊಂಡ್ರು. ಅವರು ಯಾರೂ ಕಲಾವಿದರಲ್ಲ, ಇದನ್ನ ಕಲೆ ಅಂತ ಅವರು ಕರೀಲೂ ಇಲ್ಲ, ಆದರೆ ಆಮೇಲೆ ಬಂದ ಕಲಾವಿದರೆಲ್ಲ ಕಲಿತದ್ದು ಇವರಿಂದಲೇ.

1983ರ ಸೆಪ್ಟೆಂಬರ್ 21ಕ್ಕೆ ಅದೇ ಚೌಕದಲ್ಲಿ ನಡೆದದ್ದನ್ನ ಸ್ವಲ್ಪ ವಿವರವಾಗಿ ಹೇಳ್ತೀನಿ. ಸೈನ್ಯ ಇನ್ನೂ ಅಧಿಕಾರದಲ್ಲಿತ್ತು. ರೊಡೋಲ್ಫೋ ಅಗೆರೆಬೆರ್ರಿ, ಹೂಲಿಯೋ ಫ್ಲೋರೆಸ್, ಗಿಯೆರ್ಮೋ ಕೆಕ್ಸೆಲ್ ಅನ್ನೋ ಮೂವರು ಕಲಾವಿದರು ತಾಯಂದಿರ ಹತ್ರ ಒಂದು ಯೋಚನೆ ತಗೊಂಡು ಹೋಗಿದ್ರು: ನಾಪತ್ತೆಯಾದವರು ಎಷ್ಟು ಜನವೋ ಅಷ್ಟು ಆಕೃತಿಗಳನ್ನ, ಆಳೆತ್ತರದಲ್ಲಿ, ಕಾಗದದ ಮೇಲೆ ಬರೆದು ಊರೆಲ್ಲ ಅಂಟಿಸೋದು. ಅಷ್ಟನ್ನ ಮೂವರು ಕೂತು ಬರೆಯಕ್ಕಾಗುತ್ತಾ? ಹಾಗಾಗಿ ಕಾಗದದ ಸುರುಳಿ, ಬಣ್ಣ, ಬ್ರಷ್ಷು ಎಲ್ಲ ಚೌಕಕ್ಕೆ ತಂದಿಟ್ರು, ಮೆರವಣಿಗೆಗೆ ಬಂದ ಜನಾನೇ ಶುರು ಹಚ್ಚಿಕೊಂಡ್ರು. ಒಬ್ಬರು ಕಾಗದದ ಮೇಲೆ ಅಂಗಾತ ಮಲಗ್ತಾರೆ, ಇನ್ನೊಬ್ಬರು ಮಂಡಿಯೂರಿ ಅವರ ಮೈಯ ಅಂಚಿಗುಂಟ ಗೆರೆ ಎಳೀತಾರೆ, ಮಲಗಿದವರು ಎದ್ದು ಹೋಗ್ತಾರೆ, ಕಾಗದದ ಮೇಲೆ ಒಂದು ಖಾಲಿ ಮನುಷ್ಯಾಕಾರ ಉಳಿಯುತ್ತೆ. ಗರ್ಭಿಣಿಯರ ಆಕೃತಿ, ಮಕ್ಕಳ ಆಕೃತಿಗಳೂ ಇದ್ವು, ಯಾಕಂದ್ರೆ ಗರ್ಭಿಣಿಯರನ್ನೂ ಮಕ್ಕಳನ್ನೂ ಎತ್ತಿಕೊಂಡು ಹೋಗಿದ್ರಲ್ಲ. ಮೊದಲಿಗೆ ಹೆಸರು ಬರೆಯೋದು ಬೇಡ ಅಂತಿತ್ತು, ಆದರೆ ಜನ ಕೇಳಬೇಕಲ್ಲ, ತಮ್ಮ ತಮ್ಮವರ ಹೆಸರು, ಎತ್ತಿಕೊಂಡು ಹೋದ ದಿನ ಬರೆಯಕ್ಕೆ ಶುರು ಮಾಡಿದ್ರು. ತಾಯಂದಿರದ್ದು ಒಂದು ಮಾತು ಗಟ್ಟಿಯಾಗಿತ್ತು: ಆಕೃತಿಗಳನ್ನ ನೆಲದ ಮೇಲೆ ಅಂಟಿಸಬಾರದು. ನೆಲದ ಮೇಲಿದ್ರೆ ಹೆಣದ ಸುತ್ತ ಪೊಲೀಸರು ಎಳೆಯೋ ಗೆರೆ ಥರ ಕಾಣುತ್ತೆ, ಗೋಡೆಗೆ ನಿಂತಿರೋ ಹಾಗೇ ಅಂಟಿಸಿ ಅಂತ.

ಈ ಗೆರೆ ಎಳೆಯೋ ಕೆಲಸದಲ್ಲಿ ಏನಾಗ್ತಿದೆ ನೋಡಿ. ಇಲ್ಲದವರ ಆಕೃತಿಗೆ ಇರೋರೊಬ್ಬರು ಮೈ ಕೊಡಬೇಕು. ದಾರಿಹೋಕನೊಬ್ಬ ಆ ಕಾಗದದ ಮೇಲೆ ಮಲಗಿದ ಅಂದ್ರೆ ಅಷ್ಟು ಹೊತ್ತು ಎತ್ತಿಕೊಂಡು ಹೋದವರ ಜಾಗದಲ್ಲಿ ಅವನೇ ಇರ್ತಾನೆ, "ಏನೋ ಮಾಡಿರಬೇಕು ಬಿಡಿ" ಅನ್ನೋದು ಆಗ ಅಷ್ಟು ಸುಲಭವಾಗಿ ಬಾಯಿಗೆ ಬರಲ್ಲ. ಮಾರನೇ ಬೆಳಗ್ಗೆ ಆಫೀಸಿಗೆ ಹೊರಟವರಿಗೆ ಚೌಕದ ಸುತ್ತಮುತ್ತಲ ಕಟ್ಟಡಗಳ ತುಂಬ ಆಳೆತ್ತರದ ಬಿಳಿ ಆಕೃತಿಗಳು ಎದುರಾದ್ವು, ಮುಖ ಇಲ್ಲ, ಕಣ್ಣಿಲ್ಲ, ಆದ್ರೂ ಅವು ತಮ್ಮನ್ನೇ ನೋಡ್ತಿವೆ ಅನ್ನಿಸ್ತು ಅಂತ ಆ ದಿನ ನೋಡಿದವರು ಹೇಳಿದಾರೆ.

ನಿಮ್ಮ ಮೂರನೇ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. 1983ರ ಏಪ್ರಿಲ್‌ನಲ್ಲಿ ಸೈನ್ಯ ಒಂದು "ಅಂತಿಮ ದಾಖಲೆ" ಹೊರಡಿಸ್ತು, ನಾಪತ್ತೆಯಾಗಿ ದೇಶದಲ್ಲೂ ಇಲ್ಲದೆ ಹೊರಗೂ ಇಲ್ಲದೆ ಇರೋರನ್ನ ಕಾನೂನಿನ ಲೆಕ್ಕಕ್ಕೆ ಸತ್ತವರು ಅಂತ ತಿಳ್ಕೊಳ್ಳಿ ಅಂತ. ಹೇಗೆ ಸತ್ರು, ಯಾರು ಕೊಂದ್ರು, ಎಲ್ಲಿ ಹೂತ್ರು ಅನ್ನೋದರ ಬಗ್ಗೆ ಒಂದು ಅಕ್ಷರ ಇಲ್ಲ. ಸೆಪ್ಟೆಂಬರ್‌ನಲ್ಲಿ, ಆ ಆಕೃತಿಗಳು ಗೋಡೆ ಮೇಲಿದ್ದ ದಿನಗಳಲ್ಲೇ, ತಮಗೆ ತಾವೇ ಕ್ಷಮಾದಾನ ಕೊಟ್ಟುಕೊಳ್ಳೋ ಕಾನೂನನ್ನೂ ಮಾಡ್ಕೊಂಡ್ರು. ಇಂಥ ಹೊತ್ತಲ್ಲಿ ತಾಯಿ ಒಬ್ಬಳು "ಹೌದು, ಸತ್ತಿದಾನೆ" ಅಂತ ಒಪ್ಪಿ ಸಹಿ ಹಾಕಿದ್ರೆ ಫೈಲ್ ಮುಚ್ಚಿಹೋಗುತ್ತೆ. "ಜೀವಂತ ಕರ್ಕೊಂಡು ಹೋದ್ರಿ, ಜೀವಂತ ವಾಪಸ್ ಕೊಡಿ" ಅನ್ನೋ ಘೋಷಣೆ ಕೂಗಿದವರಿಗೆ ವಾಸ್ತವ ಗೊತ್ತಿರಲಿಲ್ಲ ಅಂತ ಅಂದುಕೋಬೇಡಿ, ಎಷ್ಟೋ ಜನರಿಗೆ ಒಳಗೊಳಗೇ ಗೊತ್ತಿತ್ತು. ಕೊಂದವರ ಬಾಯಿಂದಲೇ ಉತ್ತರ ಬರಬೇಕು, ಅದನ್ನ ನಾವು ಅವರ ಪರವಾಗಿ ಹೇಳಲ್ಲ ಅನ್ನೋ ನಿಲುವು ಅದು. ಕಾನೂನೂ ನಿಧಾನಕ್ಕೆ ಇದೇ ದಾರಿಗೆ ಬಂತು. 1988ರಲ್ಲಿ ಹೊಂಡುರಾಸ್‌ನ ಒಂದು ಕೇಸಿನಲ್ಲಿ ಅಂತರ-ಅಮೆರಿಕನ್ ಮಾನವ ಹಕ್ಕು ನ್ಯಾಯಾಲಯ, ನಾಪತ್ತೆಯಾದವರು ಏನಾದ್ರು ಅಂತ ಗೊತ್ತಾಗೋವರೆಗೂ ತನಿಖೆ ಮಾಡೋ ಹೊಣೆ ಸರ್ಕಾರದ ಮೇಲೆ ಇದ್ದೇ ಇರುತ್ತೆ ಅಂತ ಹೇಳ್ತು. ಚಿಲಿಯಲ್ಲಿ ಸರ್ವಾಧಿಕಾರಿ ಪಿನೋಚೆ 1978ರಲ್ಲಿ ಮಾಡ್ಕೊಂಡಿದ್ದ ಕ್ಷಮಾದಾನದ ಕಾನೂನನ್ನ ದಾಟಕ್ಕೆ ವಕೀಲರು ಬಳಸಿದ್ದೂ ಇದೇ ತರ್ಕನ: ಹೆಣ ಸಿಕ್ಕಿಲ್ಲ ಅಂದ್ರೆ ಅಪಹರಣ ಇನ್ನೂ ಮುಗಿದಿಲ್ಲ, ಮುಗಿಯದ ಅಪರಾಧಕ್ಕೆ ಕ್ಷಮಾದಾನ ಹೇಗೆ? 1999ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಇದನ್ನ ಒಪ್ಪಿತು. ತಾಯಂದಿರು ಬೀದಿಯಲ್ಲಿ ಕೂಗಿ ಹೇಳಿದ್ದನ್ನ ಕೋರ್ಟು ಕಾಗದದ ಮೇಲೆ ಬರೆಯಕ್ಕೆ ಅಷ್ಟು ವರ್ಷ ಬೇಕಾಯ್ತು.

ಚಿಲಿ ಬಗ್ಗೆ ಹೇಳುವಾಗ ಅರ್ಪಿಯೇರಾ ಅನ್ನೋ ಬಟ್ಟೆಚೂರಿನ ಚಿತ್ರಗಳನ್ನ ಬಿಡಕ್ಕಾಗಲ್ಲ. 1973ರ ಸೆಪ್ಟೆಂಬರ್ 11ರ ಕ್ಷಿಪ್ರಕ್ರಾಂತಿ ಆದಮೇಲೆ ಗಂಡನ್ನೋ ಮಗನನ್ನೋ ಕಳ್ಕೊಂಡ ಹೆಂಗಸರು ಸ್ಯಾಂಟಿಯಾಗೋದಲ್ಲಿ ಚರ್ಚಿನ ಆಸರೆಯಲ್ಲಿ ಸೇರಿ ಗೋಣಿತಟ್ಟಿನ ಮೇಲೆ ಹಳೇ ಬಟ್ಟೆ ಚೂರುಗಳನ್ನ ಹೊಲಿದು ಚಿತ್ರ ಮಾಡ್ತಿದ್ರು. ದೂರದಿಂದ ನೋಡಿದ್ರೆ ಮಕ್ಕಳ ಪುಸ್ತಕದ ಚಿತ್ರದ ಥರ ಇರುತ್ತೆ, ಮೇಲೆ ಆಂಡಿಸ್ ಬೆಟ್ಟ, ಸೂರ್ಯ, ಬಣ್ಣಬಣ್ಣದ ಮನೆಗಳು. ಹತ್ತಿರ ಹೋದ್ರೆ ಒಬ್ಬನನ್ನ ವ್ಯಾನಿಗೆ ತುಂಬ್ತಿರೋ ಪೊಲೀಸರು, ಜೈಲಿನ ಬಾಗಿಲಲ್ಲಿ ಕಾಯ್ತಿರೋ ಹೆಂಗಸರ ಸಾಲು, "ಎಲ್ಲಿದಾರೆ ಅವರು?" ಅನ್ನೋ ಬ್ಯಾನರ್. ಕೆಲವರು ನಾಪತ್ತೆಯಾದವನ ಅಂಗಿ, ಪ್ಯಾಂಟಿನ ಚೂರನ್ನೇ ಹೊಲೀತಿದ್ರು. ಹಿಂಬದಿಗೆ ಪುಟ್ಟ ಜೇಬು ಹೊಲಿದು ಅದರಲ್ಲಿ ಒಂದು ಚೀಟಿ ಇಟ್ಟು ವಿದೇಶಕ್ಕೆ ಕಳಿಸಿದ್ದೂ ಇದೆ. ಪತ್ರಿಕೆಗಳ ಬಾಯಿ ಮುಚ್ಚಿಸಿದ್ದ ದೇಶದಿಂದ ಸುದ್ದಿ ಹೊರಗೆ ಹೋಗ್ತಿದ್ದದ್ದು ಈ ಬಟ್ಟೆ ತುಂಡುಗಳ ಮೇಲೆ, ಅದರ ಜೊತೆಗೆ ಆ ಹೆಂಗಸರಿಗೆ ನಾಲ್ಕು ಕಾಸೂ ಬರ್ತಿತ್ತು, ದುಡಿಯೋರನ್ನೇ ಕಳ್ಕೊಂಡ ಮನೆಗಳಲ್ವಾ ಅವು. ಇದೇ ಕುಟುಂಬಗಳ ಹೆಂಗಸರು 1978ರ ಮಾರ್ಚ್ 8ಕ್ಕೆ ಸ್ಯಾಂಟಿಯಾಗೋದ ರಂಗಮಂದಿರವೊಂದರಲ್ಲಿ, ಗಂಡು ಹೆಣ್ಣು ಜೋಡಿಯಾಗಿ ಕುಣಿಯೋ ಚಿಲಿಯ ಕ್ವೆಕಾ ನೃತ್ಯನ ಒಬ್ಬೊಬ್ಬರೇ ಕುಣಿದ್ರು, ಎದೆ ಮೇಲೆ ನಾಪತ್ತೆಯಾದವರ ಫೋಟೋ. ಅದನ್ನ ನೋಡಕ್ಕೆ ವಿವರಣೆ ಬೇಕಾಗಿಲ್ಲ, ಚಿಲಿಯಲ್ಲಿ ಹುಟ್ಟಿದ ಯಾರಿಗೇ ಆದ್ರೂ ಅಲ್ಲಿ ಯಾರು ಇರಬೇಕಿತ್ತು ಅಂತ ಗೊತ್ತಾಗುತ್ತೆ.

ಫೋಟೋಗಳಲ್ಲಿ ನನಗೆ ಬಹಳ ಮುಖ್ಯ ಅನ್ಸೋದು ಗುಸ್ತಾವೋ ಹೆರ್ಮಾನೋ ಅವರ "ಗೈರುಹಾಜರಿಗಳು" ಅನ್ನೋ ಸರಣಿ. ಅವರ ಅಣ್ಣ 1976ರಲ್ಲಿ ನಾಪತ್ತೆಯಾದವರು. ಒಂದು ಜೋಡಿ ಹೀಗಿದೆ: ಎಡಗಡೆ 1969ರ ಹಳೇ ಫೋಟೋ, ನಾಲ್ಕು ಜನ ಅಣ್ಣತಮ್ಮಂದಿರು ಹುಡುಗರಾಗಿದ್ದಾಗ ಸಾಲಾಗಿ ನಿಂತಿರೋದು. ಬಲಗಡೆ 2006ರದ್ದು, ಅದೇ ಸಾಲು, ಮಧ್ಯವಯಸ್ಸಿನ ಮೂರು ಜನ, ಒಂದು ಜಾಗ ಖಾಲಿ. ಬೇರೆ ಕುಟುಂಬಗಳಿಗೂ ಹೀಗೇ ಹಳೇ ಫೋಟೋ ತೆಗೆದ ಜಾಗಕ್ಕೇ ಹೋಗಿ ಅದೇ ಭಂಗಿಯಲ್ಲಿ ಮತ್ತೆ ತೆಗೆದಿದಾರೆ. ರಕ್ತ ಇಲ್ಲ, ಲಾಠಿ ಇಲ್ಲ. ಆದರೆ ಕಣ್ಣು ಆ ಫೋಟೋದಿಂದ ಈ ಫೋಟೋಗೆ, ಈ ಫೋಟೋದಿಂದ ಆ ಫೋಟೋಗೆ ಓಡಾಡ್ತಾನೇ ಇರುತ್ತೆ, ಬದುಕುಳಿದವರ ನರೆತ ಕೂದಲು ನೋಡಿ ಆ ಖಾಲಿ ಜಾಗದಲ್ಲಿರಬೇಕಾದವರಿಗೂ ಈಗ ಇಷ್ಟೇ ವಯಸ್ಸಾಗ್ತಿತ್ತು ಅಂತ ಲೆಕ್ಕ ಹಾಕುತ್ತೆ, ಆ ಲೆಕ್ಕವನ್ನ ಫೋಟೋಗ್ರಾಫರ್ ಹಾಕಿಲ್ಲ, ನೋಡೋರ ಕೈಲಿ ಹಾಕಿಸ್ತಾರೆ. ಲುಸಿಲಾ ಕಿಯೆಟೋ ಅನ್ನೋ ಛಾಯಾಗ್ರಾಹಕಿ ಇದಕ್ಕೆ ತದ್ವಿರುದ್ಧ ಮಾಡಿದ್ರು. ಅವರು ಹುಟ್ಟೋ ಮುಂಚೆಯೇ ಅಪ್ಪ ನಾಪತ್ತೆ, ಜೊತೆಗಿರೋ ಒಂದೇ ಒಂದು ಫೋಟೋ ಇಲ್ಲ. ಹಾಗಾಗಿ ಹಳೇ ಫೋಟೋನ ಗೋಡೆ ಮೇಲೆ ಪ್ರೊಜೆಕ್ಟರ್‌ನಲ್ಲಿ ಬಿಟ್ಟು ಆ ಬೆಳಕಿನೊಳಗೆ ತಾವೂ ಹೋಗಿ ನಿಂತು ಅಪ್ಪನ ಜೊತೆ ಫೋಟೋ ತೆಗೆದುಕೊಂಡ್ರು, ಆಮೇಲೆ ತಮ್ಮ ಥರದ ಬೇರೆ ಮಕ್ಕಳಿಗೂ ತೆಗೆದುಕೊಟ್ರು. ಕೆಲವರಿಗೆ ಆ ಹೊತ್ತಿಗೆ ಅಪ್ಪ ಅಮ್ಮನಿಗಿಂತ ಹೆಚ್ಚೇ ವಯಸ್ಸಾಗಿತ್ತು.

ಈಗ ನಿಮ್ಮ ಕಷ್ಟದ ಪ್ರಶ್ನೆಗೆ ಬರ್ತೀನಿ, ಬೇರೆಯವರ ನೋವನ್ನ ಗ್ಯಾಲರಿಲಿ ನೋಡೋದು ಸರಿನಾ ಅನ್ನೋದು. ಈ ಅನುಮಾನ ನ್ಯಾಯವಾದದ್ದೇ. ಆಶ್ವಿಟ್ಸ್‌ನ ನಾತ್ಸಿ ಕ್ಯಾಂಪು ಆದಮೇಲೆ ಕವಿತೆ ಬರೆಯೋದು ಅನಾಗರಿಕ ಅಂತ ಜರ್ಮನ್ ತತ್ವಶಾಸ್ತ್ರಜ್ಞ ಅಡೋರ್ನೋ ಬರೆದ್ರು, ಅದನ್ನ ಎಲ್ಲರೂ ಉದ್ಧರಿಸ್ತಾರೆ, 1966ರಲ್ಲಿ ಅವರೇ ಆ ಮಾತನ್ನ ಸಡಿಲಿಸಿ, ಚಿತ್ರಹಿಂಸೆ ಅನುಭವಿಸೋನಿಗೆ ಕಿರುಚೋ ಹಕ್ಕು ಎಷ್ಟಿದೆಯೋ ನಿರಂತರ ಸಂಕಟಕ್ಕೂ ಅಭಿವ್ಯಕ್ತಿಯ ಹಕ್ಕು ಅಷ್ಟೇ ಇದೆ ಅಂದಿದ್ದನ್ನ ಬಹಳ ಜನ ಉದ್ಧರಿಸಲ್ಲ. ನಾನು ಒಂದು ಕೃತಿ ಎದುರು ನಿಂತಾಗ ಕೇಳ್ಕೊಳ್ಳೋದು ಇಷ್ಟು: ಇದು ಮನೆಯವರನ್ನ ಕೇಳಿ ಮಾಡಿದ್ದಾ, ನೋಡಿದ ಮೇಲೆ ನನಗೆ ಹಗುರ ಆಗ್ತಿದೆಯಾ ಅಥವಾ ಹೊಣೆ ಮೈಮೇಲೆ ಬರ್ತಿದೆಯಾ. ಕೊಲಂಬಿಯಾದ ಕಲಾವಿದೆ ಡೋರಿಸ್ ಸಾಲ್ಸೆಡೋ ನಾಪತ್ತೆಯಾದವರ ಮನೆಯವರ ಜೊತೆ ಬಹಳ ಕಾಲ ಕಳೆದು, ಅವರು ಕೊಟ್ಟ ಚಪ್ಪಲಿ, ಬೂಟುಗಳನ್ನ, ಅದರಲ್ಲಿ ಹೆಚ್ಚಿನವು ಹೆಂಗಸರದ್ದು, ಗೋಡೆಯಲ್ಲಿ ಸಣ್ಣ ಗೂಡು ಕೊರೆದು ಒಳಗಿಟ್ರು. ಗೂಡಿನ ಬಾಯಿಗೆ ಹಸುವಿನ ಮೂತ್ರಕೋಶದ ತೆಳು ಪೊರೆ ಎಳೆದು, ಆಪರೇಷನ್‌ಗೆ ಬಳಸೋ ಕರೀ ದಾರದಿಂದ ಗೋಡೆಗೇ ಹೊಲಿದಿದಾರೆ. ಪೊರೆಯ ಹಿಂದೆ ಚಪ್ಪಲಿ ಮಬ್ಬಾಗಿ ಕಾಣುತ್ತೆ, ತೊಟ್ಟವರ ಪಾದದ ಆಕಾರ ತಗೊಂಡು ಸವೆದಿರೋದು ಅಂದಾಜಾಗುತ್ತೆ, ಎಷ್ಟು ಬಗ್ಗಿ ನೋಡಿದ್ರೂ ಸ್ಪಷ್ಟ ಆಗಲ್ಲ. ನೋವನ್ನ ಪ್ರದರ್ಶನಕ್ಕಿಟ್ರು ಅನ್ನೋ ಆರೋಪ ಇಲ್ಲಿ ನಿಲ್ಲಲ್ಲ, ಯಾಕಂದ್ರೆ ಪೂರ್ತಿ ನೋಡೋ ಅವಕಾಶವನ್ನೇ ಕೃತಿ ಕೊಡ್ತಿಲ್ಲ. ಇದಕ್ಕೆ ಹೋಲಿಸಿದ್ರೆ ಚಿತ್ರಹಿಂಸೆಯ ಕೋಣೆನ ಹಾಗೇ ಮರುಸೃಷ್ಟಿ ಮಾಡಿ, ಕಿರುಚಾಟದ ಸೌಂಡ್ ಹಾಕಿ ತೋರಿಸೋ ಥರದ ಪ್ರದರ್ಶನಗಳನ್ನ ನಾನು ಒಪ್ಪಲ್ಲ. ಅಲ್ಲಿ ನೋಡೋರು ಒಂದು ಕ್ಷಣ ಬೆಚ್ಚಿಬಿದ್ದು ಹೊರಗೆ ಬರ್ತಾರೆ, ಅಷ್ಟಕ್ಕೇ ತಮ್ಮ ಕರ್ತವ್ಯ ಮುಗೀತು ಅಂದುಕೊಳ್ತಾರೆ, ಮತ್ತೆ ಆ ದೃಶ್ಯದ ಕೋನ ಬಹುತೇಕ ಹೊಡೆಯೋನ ಕೋನವೇ ಆಗಿರುತ್ತೆ.

ಬ್ಯೂನಸ್ ಐರಿಸ್‌ನ ಸ್ಮೃತಿ ಉದ್ಯಾನದಲ್ಲಿ ಇನ್ನೊಂದು ಕೃತಿ ಇದೆ. ಕೈದಿಗಳಿಗೆ ಮಂಪರು ಬರೋ ಇಂಜೆಕ್ಷನ್ ಕೊಟ್ಟು ವಿಮಾನದಿಂದ ನದಿಗೆ, ಸಮುದ್ರಕ್ಕೆ ಎಸೀತಿದ್ರು ಅಂತ 1995ರಲ್ಲಿ ನೌಕಾಪಡೆಯ ಮಾಜಿ ಅಧಿಕಾರಿಯೊಬ್ಬ ಬಾಯಿಬಿಟ್ಟ. ಆ ಉದ್ಯಾನ ಇರೋದು ಅದೇ ರಿಯೋ ದೆ ಲಾ ಪ್ಲಾತಾ ನದಿ ದಡದಲ್ಲಿ. ನೀರಿನ ಮೇಲೆ, ದಡದಿಂದ ಸ್ವಲ್ಪ ದೂರದಲ್ಲಿ, ಕ್ಲಾಡಿಯಾ ಫೋಂಟೆಸ್ ಮಾಡಿರೋ ಸ್ಟೀಲಿನ ಹುಡುಗ ನಿಂತಿದಾನೆ, 14ನೇ ವಯಸ್ಸಲ್ಲಿ ನಾಪತ್ತೆಯಾದ ನಿಜವಾದ ಹುಡುಗನೊಬ್ಬನ ಆಕೃತಿ. ಬೆನ್ನು ನಮ್ಮ ಕಡೆ ಇದೆ, ದಡದಲ್ಲಿ ನಿಂತವರಿಗೆ ಮುಖ ಕಾಣಲ್ಲ. ಕನ್ನಡಿ ಥರ ಉಜ್ಜಿರೋ ಸ್ಟೀಲ್ ಆದ್ದರಿಂದ ಬೆಳಕು ಬದಲಾದ ಹಾಗೆ ಒಮ್ಮೆ ಕಾಣ್ತಾನೆ, ಒಮ್ಮೆ ನೀರಲ್ಲೇ ಬೆರೆತುಹೋಗ್ತಾನೆ.

ಇಷ್ಟೆಲ್ಲ ಹೇಳಿದ ಮೇಲೆ ಕಲೆ ಎಲ್ಲಿ ನಿಲ್ಲಬೇಕು ಅನ್ನೋದನ್ನೂ ಹೇಳಲೇಬೇಕು. 1984ರಲ್ಲಿ ಮೂಳೆ ನೋಡಿ ಸತ್ತವರ ಗುರುತು ಹಿಡಿಯೋ ಅಮೆರಿಕದ ತಜ್ಞ ಕ್ಲೈಡ್ ಸ್ನೋ ಅರ್ಜೆಂಟೀನಾದ ವಿದ್ಯಾರ್ಥಿಗಳಿಗೆ ಹೆಸರಿಲ್ಲದ ಸಮಾಧಿಗಳನ್ನ ವೈಜ್ಞಾನಿಕವಾಗಿ ಅಗೆಯೋದು ಹೇಳಿಕೊಟ್ರು, ಅದೇ ಮುಂದೆ ಅರ್ಜೆಂಟೀನಾದ ವಿಧಿವಿಜ್ಞಾನ ಮಾನವಶಾಸ್ತ್ರ ತಂಡ ಆಯ್ತು. ಈ ಅಗೆತದ ವಿಷಯದಲ್ಲಿ ತಾಯಂದಿರಲ್ಲೇ ಭಿನ್ನಾಭಿಪ್ರಾಯ ಬಂತು, ಬೇರೆ ಕಾರಣಗಳೂ ಸೇರಿ 1986ರಲ್ಲಿ ಸಂಘಟನೆ ಎರಡಾಯ್ತು. ಹೇಬೆ ದೆ ಬೊನಾಫಿನಿ ಅವರ ಬಣ, ಒಂದೊಂದೇ ಮೂಳೆಗಂಟು ಕೈಗೆ ಕೊಟ್ಟು ಒಂದೊಂದೇ ಮನೆಯ ಬಾಯಿ ಮುಚ್ಚಿಸ್ತಾರೆ, ಹೋರಾಟ ಕರಗಿಹೋಗುತ್ತೆ ಅಂತು. ಇನ್ನೊಂದು ಬಣ, ಮಗನ ಮೂಳೆ ಸಿಕ್ಕಿದ್ರೆ ಅದನ್ನ ಮಣ್ಣು ಮಾಡೋ ಹಕ್ಕು ತಾಯಿಗಿದೆ, ಆ ಮೂಳೆನೇ ಕೋರ್ಟಿನಲ್ಲಿ ಸಾಕ್ಷಿಯೂ ಹೌದು ಅಂತು. ನಾನು ಎರಡನೆಯವರ ಕಡೆ. ಅದಕ್ಕೆ ಕಾರಣ ಅಸುಸೆನಾ ವಿಯಾಫ್ಲೋರ್. ಮೊದಲ ದಿನ ತಾಯಂದಿರನ್ನ ಚೌಕಕ್ಕೆ ಕರೆತಂದವರು ಅವರು, 1977ರ ಡಿಸೆಂಬರ್‌ನಲ್ಲಿ ಅವರನ್ನೇ ಎತ್ತಿಕೊಂಡು ಹೋದ್ರು. ಅಲೆಗೆ ದಡ ಸೇರಿದ ಅವರ ದೇಹವನ್ನ ಹೆಸರಿಲ್ಲದ ಸಮಾಧಿಯಲ್ಲಿ ಹೂತಿದ್ರು, 2005ರಲ್ಲಿ ಆ ತಂಡ ಗುರುತು ಹಿಡೀತು, ಎತ್ತರದಿಂದ ಬಿದ್ದಾಗ ಆಗೋ ಥರದ ಮುರಿತಗಳು ಮೂಳೆಗಳಲ್ಲಿದ್ವು. ವಿಮಾನದಿಂದ ಎಸೆದ್ರು ಅನ್ನೋದಕ್ಕೆ ಆ ಮೂಳೆಗಳು ಕೊಟ್ಟ ಸಾಕ್ಷಿನ ಯಾವ ಚಿತ್ರ, ಯಾವ ಶಿಲ್ಪವೂ ಕೊಡಕ್ಕಾಗ್ತಿರಲಿಲ್ಲ. ಅವರ ಚಿತಾಭಸ್ಮ ಈಗಿರೋದು ಆ ಚೌಕದಲ್ಲೇ. ಹಾಗಾಗಿ ಸರ್ಕಾರವೊಂದು ಅಗೆಯೋ ಕೆಲಸಕ್ಕೆ ದುಡ್ಡು ಕೊಡದೆ ಸ್ಮಾರಕಕ್ಕೆ ಮಾತ್ರ ಕೊಟ್ರೆ ಅನುಮಾನ ಪಡಲೇಬೇಕು. ಮೆಕ್ಸಿಕೋದಲ್ಲಿ 2014ರ ಸೆಪ್ಟೆಂಬರ್ 26ರ ರಾತ್ರಿ 43 ವಿದ್ಯಾರ್ಥಿಗಳು ನಾಪತ್ತೆಯಾದ ಮೇಲೆ ಮನೆಯವರು, ಬೆಂಬಲಿಗರು ರಾಜಧಾನಿಯ ಮುಖ್ಯರಸ್ತೆಯಲ್ಲಿ ಪರ್ಮಿಷನ್ ಕೇಳದೆ ಕೆಂಪು ಬಣ್ಣದ ದೊಡ್ಡ "+43" ನಿಲ್ಲಿಸಿ ಅದನ್ನ ಪ್ರತಿ-ಸ್ಮಾರಕ ಅಂತ ಕರೆದದ್ದು ಈ ಕಾರಣಕ್ಕೇ, ಮುಗಿದುಹೋದದ್ದರ ನೆನಪಿಗೆ ಕಟ್ಟೋದು ಸ್ಮಾರಕ, ತಮ್ಮದು ಇನ್ನೂ ಮುಗಿದಿಲ್ಲ ಅಂತ. ಆ ದೇಶದ ಅಧಿಕೃತ ನಾಪತ್ತೆ ಪಟ್ಟಿ 2022ರಲ್ಲೇ ಒಂದು ಲಕ್ಷ ದಾಟಿದೆ.

ಕಲೆಯಿಂದ ಏನು ಪ್ರಯೋಜನ ಅನ್ನೋ ಮೊದಲ ಪ್ರಶ್ನೆಗೆ ಒಂದು ನೇರ ಉತ್ತರ ಕೊಟ್ಟು ನಿಲ್ಲಿಸ್ತೀನಿ. ಅರ್ಜೆಂಟೀನಾದ ಸೆರೆಯಲ್ಲಿ ಹೆತ್ತ ತಾಯಂದಿರಿಂದ ಕಿತ್ಕೊಂಡ ಕೂಸುಗಳನ್ನ, ಅಪ್ಪ ಅಮ್ಮನ ಜೊತೆ ಎತ್ತಿಕೊಂಡು ಹೋದ ಪುಟ್ಟ ಮಕ್ಕಳನ್ನ ಸೈನ್ಯದ ಕಡೆಯವರಿಗೆ, ಬೇರೆಯವರಿಗೆ ಹಂಚಿಬಿಟ್ಟಿದ್ರು, ಸುಮಾರು 500 ಮಕ್ಕಳು ಅಂತ, ಅವರನ್ನ ಹುಡುಕಕ್ಕೆ ಅವರ ಅಜ್ಜಿಯಂದಿರೇ ಕಟ್ಟಿದ ಸಂಘಟನೆಯ ಅಂದಾಜು. ಆ ಮಕ್ಕಳಿಗೆ ತಾವು ಯಾರು ಅಂತಾನೇ ಗೊತ್ತಿಲ್ಲ, ತಾವು ನಾಪತ್ತೆಯಾಗಿದೀವಿ ಅನ್ನೋದೂ ಗೊತ್ತಿಲ್ಲ. 1987ರಲ್ಲೇ ರಾಷ್ಟ್ರೀಯ ಜೀನ್ ಬ್ಯಾಂಕಿಗೆ ಕಾನೂನು ಬಂತು, ಅಜ್ಜಿಯಂದಿರು ಅಲ್ಲಿ ರಕ್ತ ಕೊಟ್ರು, ಆದರೆ ಹೋಲಿಸಿ ನೋಡಬೇಕಂದ್ರೆ ಆ ಮೊಮ್ಮಕ್ಕಳು ಬರಬೇಕಲ್ಲ, ತೊಂಬತ್ತರ ದಶಕದ ಕೊನೆಗೆ ಅವರು 20ರ ಆಸುಪಾಸಿನ ಹರೆಯದವರು, ಊರಲ್ಲಿ ಎಲ್ಲೋ ಆರಾಮಾಗಿ ಓಡಾಡ್ಕೊಂಡಿದ್ರು. 1998ರಲ್ಲಿ ಬ್ಯೂನಸ್ ಐರಿಸ್‌ನ ರೆಕೊಲೆಟಾ ಸಾಂಸ್ಕೃತಿಕ ಕೇಂದ್ರದಲ್ಲಿ 13 ಜನ ಕಲಾವಿದರು ಅಜ್ಜಿಯಂದಿರ ಜೊತೆ ಸೇರಿ "ಗುರುತು" ಅನ್ನೋ ಪ್ರದರ್ಶನ ಮಾಡಿದ್ರು. ಹೊಸ ಚಿತ್ರ ಒಂದೂ ಬರೀಲಿಲ್ಲ, ತಮ್ಮ ತಮ್ಮ ಶೈಲಿ ಎಲ್ಲ ಪಕ್ಕಕ್ಕಿಟ್ರು. ಗೋಡೆಯುದ್ದಕ್ಕೂ ಕಣ್ಣಿನ ಎತ್ತರದಲ್ಲಿ ಒಂದೇ ಸಾಲು: ನಾಪತ್ತೆಯಾದ ತಾಯಿಯ ಫೋಟೋ, ತಂದೆಯ ಫೋಟೋ, ಮಗುವಿನ ಫೋಟೋ ಇರಬೇಕಾದ ಜಾಗದಲ್ಲಿ ಒಂದು ಕನ್ನಡಿ, ಜೊತೆಗೆ ಎತ್ತಿಕೊಂಡು ಹೋದದ್ದು ಯಾವಾಗ, ಮಗು ಹುಟ್ಟಿರಬೇಕಾದದ್ದು ಯಾವಾಗ ಅನ್ನೋ ವಿವರ. ನೋಡಕ್ಕೆ ಬಂದ ಯುವಕನೋ ಯುವತಿಯೋ ಒಂದೊಂದು ಜೋಡಿಯ ಮುಂದೆ ನಿಂತಾಗ ಆ ಇಬ್ಬರ ಪಕ್ಕ ತನ್ನದೇ ಮುಖ ಕಾಣುತ್ತೆ, ಮೂಗು, ಹುಬ್ಬು, ಗಲ್ಲ ಹೋಲುತ್ತಾ ಅಂತ ಕಣ್ಣು ತಾನಾಗೇ ಹುಡುಕುತ್ತೆ. ಎರಡು ವರ್ಷ ಬಿಟ್ಟು ರಂಗಭೂಮಿಯವರೂ "ಗುರುತಿಗಾಗಿ ರಂಗಭೂಮಿ" ಅಂತ ಇದೇ ಕೆಲಸ ಶುರು ಮಾಡಿದ್ರು, ನಾಟಕ ನೋಡಿ "ನಾನು ಯಾರ ಮಗು ಅಂತ ನನಗೆ ಅನುಮಾನ ಇದೆ" ಅಂತ ಅಜ್ಜಿಯಂದಿರ ಕಚೇರಿಗೆ ಬರೋ ಯುವಕರ ಸಂಖ್ಯೆ ಜಾಸ್ತಿ ಆಯ್ತು. ಇವತ್ತಿನವರೆಗೆ 130ಕ್ಕೂ ಹೆಚ್ಚು ಮೊಮ್ಮಕ್ಕಳು ಸಿಕ್ಕಿದಾರೆ. ಬಹುಪಾಲು ಡಿಎನ್ಎ, ದಾಖಲೆ, ಅಜ್ಜಿಯಂದಿರ ಅಲೆದಾಟದಿಂದಲೇ ಸಿಕ್ಕಿದ್ದು, ಅದರ ಶ್ರೇಯಸ್ಸನ್ನ ಕಲೆಗೆ ಕೊಡಲ್ಲ ನಾನು, ಆದರೆ ತಾನು ಬರೀ ನೋಡಕ್ಕೆ ಬಂದವನು ಅಂದುಕೊಂಡವನಿಗೆ ಹುಡುಕ್ತಿರೋದು ನಿನ್ನನ್ನೇ ಇರಬಹುದು ಅಂತ ಹೇಳಕ್ಕೆ ಆಗಿದ್ದು ಆ ಕನ್ನಡಿಗೆ. ಆ ಮಕ್ಕಳು ಈಗ 50ರ ಆಸುಪಾಸಿನವರು, ಉಳಿದವರನ್ನ ಹುಡುಕೋ ಕೆಲಸ ಇನ್ನೂ ನಡೀತಿದೆ, 1975ರಿಂದ 1980ರ ನಡುವೆ ಹುಟ್ಟಿ ತಮ್ಮ ಹುಟ್ಟಿನ ಬಗ್ಗೆ ಅನುಮಾನ ಇರೋರು ತಾವಾಗೇ ಬನ್ನಿ ಅಂತ ಅವರ ಕಚೇರಿ ಈಗಲೂ ಕರೀತಿದೆ.